ಮಾರ್ಕ್ಸ್ ಹಿಡಿತಾರೇನ್ರಿ ಸರ್?

ಶಾಲೆ ಶುರುವಾದೊಡನೆ ಹಿಂದಿನ ತರಗತಿಯ ಪಾಠಗಳನ್ನು ಮತ್ತೆ ಕಲಿಸುವ ಸೇತುಬಂಧದ ಪೂರ್ವ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಇನ್ನೂ ಮೇಜಿನ ಮೇಲಿದೆ, ಸಿಟ್ಟೂ ಇಳಿದಿಲ್ಲ.

ಕಲಬುರಗಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಗಣಿತ ಕಲಿಸುವ ನನಗೆ ಪ್ರತಿ ಜೂನ್‌ನಲ್ಲೂ ಪ್ರಶ್ನೆಪತ್ರಿಕೆ ಹಂಚುವ ಮೊದಲೇ ಎದುರಾಗುವ ಪ್ರಶ್ನೆ ಒಂದೇ: "ಸರ್, ಇದರ ಮಾರ್ಕ್ಸ್ ಹಿಡಿತಾರೇನ್ರಿ?" ಹಿಡಿಯುತ್ತಾರೆ ಎನ್ನೋಣವೆಂದರೆ, ನಮ್ಮ ಮುಖ್ಯಗುರುಗಳು ಬೆಳಗಿನ ಪ್ರಾರ್ಥನೆಯಲ್ಲೇ "ಯಾರೂ ಅಂಜಬ್ಯಾಡ್ರಿ, ಇದು ಎಫ್‌ಎ ಅಲ್ಲ, ಎಸ್‌ಎನೂ ಅಲ್ಲ" ಎಂದು, ಅಂದರೆ ಅಂಕ ಹಿಡಿಯುವ ರೂಪಣಾತ್ಮಕ, ಸಂಕಲನಾತ್ಮಕ ಪರೀಕ್ಷೆಗಳೆರಡೂ ಅಲ್ಲವೆಂದು, ಅಭಯ ನೀಡಿಬಿಟ್ಟಿರುತ್ತಾರೆ. ಗುರುಗಳ ಮಾತನ್ನು ಮಕ್ಕಳು ಅಷ್ಟು ನಿಷ್ಠೆಯಿಂದ ಪಾಲಿಸುವುದು ವರ್ಷದಲ್ಲಿ ಆ ಒಂದೇ ದಿನ.

ಹಿಂದಿನ ಬೆಂಚಿನಲ್ಲೊಬ್ಬನಿದ್ದಾನೆ. ಆತ ಮೊದಲು ಸ್ಕೇಲು ಹಿಡಿದು ಹಾಳೆಯ ನಾಲ್ಕೂ ಬದಿಗೆ ಕೆಂಪು ಗೆರೆ ಎಳೆದ. ನೆತ್ತಿಯಲ್ಲಿ "ಶ್ರೀ ಶರಣಬಸವೇಶ್ವರ ಪ್ರಸನ್ನ" ಎಂದು ನೀಲಿ ಶಾಯಿಯಲ್ಲಿ ಬರೆದು, ಅಕ್ಷರಗಳಿಗೆ ನೆರಳು ಕೊಟ್ಟು, ಎರಡೂ ಪಕ್ಕ ಕಮಲ ಬಿಡಿಸಿದ. ಆಮೇಲೆ ಪ್ರಶ್ನೆಗಳನ್ನೆಲ್ಲ ಒಂದೂ ಕಾಗುಣಿತ ತಪ್ಪಿಲ್ಲದೆ ದುಂಡಗೆ ಇಳಿಸಿ, ಪ್ರತಿಯೊಂದರ ಕೆಳಗೂ "ಉತ್ತರ" ಎಂದು ಬರೆದು ಅಡಿಗೆರೆ ಹಾಕಿ, ಅಳೆದಂತೆ ನಾಲ್ಕು ಸಾಲು ಖಾಲಿ ಬಿಟ್ಟ. ಇದೇನಪ್ಪ ಎಂದು ಕೇಳಿದರೆ, "ಮಾರ್ಕ್ಸ್ ಹಿಡಿಯಂಗಿಲ್ಲಲ್ರಿ ಸರ್. ಜಾಗಾ ಬಿಟ್ಟೀನಿ, ನೀವೇ ಬರ್ಕೋರಿ" ಎಂದ. ಧ್ವನಿಯಲ್ಲಿ ಕಿಂಚಿತ್ತೂ ಕುಚೋದ್ಯವಿರಲಿಲ್ಲ, ಉಪಕಾರ ಮಾಡಿದ ಸಮಾಧಾನವಿತ್ತು. ಇದೇ ಹುಡುಗ ಅಪ್ಪನ ಜೊತೆ ತೊಗರಿ ಮಾರಲು ಗಂಜ್ ಮಾರುಕಟ್ಟೆಗೆ ಹೋದಾಗ, ಕ್ವಿಂಟಲ್ ದರದಲ್ಲಿ ಹಮಾಲಿ ಕಳೆದು ಕೈಗೆಷ್ಟು ಬರುತ್ತದೆಂದು ಬಾಯಲ್ಲೇ ಹೇಳುತ್ತಾನಂತೆ. ಅಲ್ಲಿ ಎಲ್ಲವನ್ನೂ ಹಿಡಿಯುತ್ತಾರಲ್ಲ.

ಹಿಂದಿನ ತರಗತಿಯಲ್ಲಿ ಕಲಿಯದೆ ಉಳಿದದ್ದನ್ನು ಪತ್ತೆ ಹಚ್ಚಿ ಮತ್ತೆ ಕಲಿಸುವುದಕ್ಕಾಗಿಯೇ ಈ ಪರೀಕ್ಷೆ ಇದೆ. ಈ ಕಟ್ಟನ್ನು ನಂಬುವುದಾದರೆ ನನ್ನ ತರಗತಿಯಲ್ಲಿ ಯಾರಿಗೂ ಭಿನ್ನರಾಶಿ ಕಳೆಯಲು ಬರುವುದಿಲ್ಲ. ಆದ್ದರಿಂದ ಬಲ್ಲವರಿಗೇ ಅದನ್ನು ಕಲಿಸಬೇಕು, ಅವರು ಆಕಳಿಸಬೇಕು. ನಿಜವಾಗಿಯೂ ಬಾರದ ಮೂರ್ನಾಲ್ಕು ಮಕ್ಕಳು ಈ ಖಾಲಿ ಸಾಲುಗಳ ನಡುವೆ ಎಲ್ಲಿ ಅಡಗಿದ್ದಾರೋ ತಿಳಿಯದು, ಹೊಟ್ಟೆಯಲ್ಲಿ ಸಂಕಟವಾಗುವುದು ಅದಕ್ಕೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ಶೇ 42.43ರೊಂದಿಗೆ ರಾಜ್ಯಕ್ಕೇ ಕೊನೆಯದಾಗಿತ್ತು.

ಹೋದ ವರ್ಷ ಸೇತುಬಂಧದ ಕೊನೆಯಲ್ಲಿ ನಡೆಯುವ ಸಾಫಲ್ಯ ಪರೀಕ್ಷೆಗೆ ಮಾತ್ರ ಮಾರ್ಕ್ಸ್ ಹಿಡಿಯುತ್ತಾರೆಂಬ ಗಾಳಿಸುದ್ದಿ ಹೇಗೋ ಹಬ್ಬಿತು. ಹಬ್ಬಿಸಿದ್ದು ಯಾರೆಂದು ಕೇಳಬೇಡಿ. ಎಲ್ಲರೂ ತಲೆ ಎತ್ತದೆ ಬರೆದರು. ಪ್ರಗತಿಯ ನಕ್ಷೆ ನೆಲದಿಂದ ನೆಟ್ಟಗೆ ಮೇಲೇರಿತು. ಶಾಲೆಗೆ ಬಂದ ಅಧಿಕಾರಿಗಳು ಅದನ್ನು ಕಂಡು ಬೆರಗಾಗಿ, ಅನುಸರಿಸಿದ ಬೋಧನಾ ವಿಧಾನದ ಕುರಿತು ಬೇರೆ ಶಾಲೆಗಳಿಗೂ ಅನುಕೂಲವಾಗುವಂತೆ ಎರಡು ಪುಟದ ಟಿಪ್ಪಣಿ ಬರೆದುಕೊಡಿ ಎಂದರು.