ಪ್ರೀತಿ ಎಲ್ಲವನ್ನೂ ಸಹಿಸುತ್ತದೆ ಅಂದರೆ ಪೆಟ್ಟನ್ನೂ ಸಹಿಸಬೇಕಾ?

ಗಂಡ ಹೊಡೆದರೂ ಹೆಂಡತಿ ಬಾಯಿ ಬಿಡಬಾರದು, ಅದೇ ನಿಸ್ವಾರ್ಥ ಪ್ರೀತಿ, ಬೈಬಲಿನ 1 ಕೊರಿಂಥ 13:7ರಲ್ಲಿ ಹಾಗೇ ಇದೆ ಅಂತ ಬಳ್ಳಾರಿಯ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ಅದರ ಹಿಂದಿನ ವಚನವನ್ನೇ ಬಿಟ್ಟಿದ್ದಾರೆ. ಪ್ರೀತಿ ಅನ್ಯಾಯಕ್ಕೆ ಖುಷಿಪಡುವುದಿಲ್ಲ ಅಂತ ಅಲ್ಲಿದೆ. ಅಪೊಸ್ತಲ ಪೌಲ ಈ ಪತ್ರ ಬರೆದದ್ದು ಜಗಳದಲ್ಲಿ ಒಡೆದುಹೋಗಿದ್ದ ಕೊರಿಂಥದ ಇಡೀ ಕ್ರೈಸ್ತ ಸಭೆಗೆ, ಹೆಂಡತಿಯರಿಗೆ ಮಾತ್ರ ಅಲ್ಲ. ಯೇಸುಸ್ವಾಮಿ ಕೂಡ ಕೆನ್ನೆಗೆ ಪೆಟ್ಟು ಬಿದ್ದಾಗ ಸುಮ್ನಿರಲಿಲ್ಲ, ಯಾಕೆ ಹೊಡೆಯುತ್ತೀ ಅಂತ ನೇರವಾಗಿ ಕೇಳಿದರು (ಯೋಹಾನ 18:23).

ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಅಕ್ಕ ಅದೇ ಮೆಸೇಜ್ ತೋರಿಸಿದರು. ಈ ಬಿಸಿಲಲ್ಲೂ ತುಂಬುತೋಳಿನ ರವಿಕೆ, ಫೋನ್ ಚಾಚಿದಾಗ ಮುಂಗೈ ಮೇಲೆ ನೀಲಿಗಟ್ಟಿದ ಗುರುತು. "ಕ್ಷಮಿಸಬೇಕಲ್ವಾ?" ಅಂದರು. ಕ್ಷಮಿಸೋದು ಬೇರೆ ಅಕ್ಕಾ, ಪೆಟ್ಟು ತಿನ್ನೋಕೆ ವಾಪಸ್ ಹೋಗೋದು ಬೇರೆ. ಮೆಸೇಜ್ ಹಂಚಿದವರು ಮಹಿಳಾ ಸಹಾಯವಾಣಿ 181 ಅನ್ನೂ ದಯವಿಟ್ಟು ಹಂಚಿ.