ಹಂದಿಗೆ ನಾಯಿ ಬಿಡುವ ಮೊದಲು: ಟೆಕ್ಸಾಸ್ ಬೇಟೆಗಾರರಿಂದ ಪಾವಗಡದ ರೈತ ಕಲಿಯಬೇಕಾದದ್ದು

ನಾನಿರುವ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಕಾಡುಹಂದಿ ಬೇಟೆಗೆ ಸಾಕುವ ನಾಯಿಗಳ ಕೆಲಸ ಎರಡು ಬಗೆಯದು. ಹಂದಿಯನ್ನು ಹುಡುಕಿ, ಸುತ್ತುವರಿದು, ಬೊಗಳಿ ನಿಲ್ಲಿಸುವುದು ಒಂದು. ನಿಂತ ಹಂದಿಯ ಕಿವಿ ಹಿಡಿಯುವುದು ಇನ್ನೊಂದು. ಮೊದಲ ಕೆಲಸಕ್ಕೆ ಕ್ಯಾಟಹೂಲ, ಬ್ಲ್ಯಾಕ್ ಮೌತ್ ಕರ್, ಪ್ಲಾಟ್ ಹೌಂಡ್ ಎಂಬ ತಳಿಗಳು. ಎರಡನೆಯದಕ್ಕೆ ಅಮೆರಿಕನ್ ಬುಲ್‌ಡಾಗ್, ಪಿಟ್‌ಬುಲ್. ಒಳ್ಳೆಯ ಬೊಗಳುವ ನಾಯಿ ಹಂದಿಗೆ ಹಲ್ಲು ತಾಗಿಸುವುದಿಲ್ಲ. ಒಂದೆರಡು ಮಾರು ದೂರದಲ್ಲೇ ಇದ್ದು, ಹಂದಿ ನುಗ್ಗಿದರೆ ಪಕ್ಕಕ್ಕೆ ಸರಿದು, ತಿರುಗಿ ಓಡಿದರೆ ಮತ್ತೆ ಎದುರಿಗೆ ಬರುತ್ತದೆ. ಮುದಿಯಾಗುವವರೆಗೆ ಬದುಕುವ ಬೇಟೆನಾಯಿ ಇಂಥದ್ದೇ.

ಪಾವಗಡ, ಮಧುಗಿರಿ, ಬಾಗೇಪಲ್ಲಿ ಕಡೆ ಹೊಲಕ್ಕೆ ಹಂದಿ ಬಂತೆಂದು ಊರ ನಾಟಿ ನಾಯಿಗಳನ್ನು ಛೂ ಬಿಡುವವರು ಈ ವ್ಯತ್ಯಾಸ ನೋಡುವುದಿಲ್ಲ. ಮೈಮೇಲೆ ಬೀಳುವ ನಾಯಿಯೇ ಗಂಡುಮೆಟ್ಟಿನ ನಾಯಿ ಎಂದು ಹೊಗಳುತ್ತಾರೆ. ಆ ನಾಯಿಯೇ ಮೊದಲು ಸಾಯುತ್ತದೆ. ನಾಯಿಯ ಬೆಲೆ ಇರುವುದು ಅದರ ಮೂಗಿನಲ್ಲಿ, ಕಂಠದಲ್ಲಿ. ಹಂದಿಯ ಮುಂದೆ ಅದರ ಹಲ್ಲಿಗೆ ಬೆಲೆಯೇ ಇಲ್ಲ.

ಲೆಕ್ಕ ನೋಡಿ. ನಮ್ಮ ನಾಟಿ ನಾಯಿ ತೂಗುವುದು 15–20 ಕಿಲೋ. ಬೆಳೆದ ಗಂಡು ಹಂದಿ 90ರಿಂದ 130 ಕಿಲೋ. ಅದರ ಕೆಳದವಡೆಯ ಕೋರೆ ಮೇಲಿನ ಹಲ್ಲಿಗೆ ಉಜ್ಜುತ್ತಾ ತಾನೇ ತಾನಾಗಿ ಮಸೆದುಕೊಳ್ಳುತ್ತದೆ. ತಲೆ ತಗ್ಗಿಸಿ ನುಗ್ಗಿ ಕೆಳಗಿನಿಂದ ಮೇಲಕ್ಕೆ ಎಳೆಯುವುದು ಅದರ ಹೊಡೆತದ ರೀತಿ, ಹಾಗಾಗಿ ಪೆಟ್ಟು ಬೀಳುವುದು ನಾಯಿಯ ಗಂಟಲು, ಎದೆ, ಹೊಟ್ಟೆ, ತೊಡೆಯ ಒಳಭಾಗಕ್ಕೆ. ಗಂಡಿನ ಹೆಗಲ ಚರ್ಮದಡಿ ಗಟ್ಟಿಯಾದ ದಪ್ಪ ಪದರ ಬೇರೆ ಇದೆ. ಗಂಡುಹಂದಿಗಳ ನಡುವಿನ ಜಗಳಕ್ಕೆಂದೇ ಬೆಳೆದದ್ದು ಅದು. ನಾಯಿಯ ಹಲ್ಲು ಅದನ್ನು ದಾಟುವುದಿಲ್ಲ. ಹೆಣ್ಣಿಗೆ ಕೋರೆ ಚಿಕ್ಕದು, ಆದರೆ ಮರಿ ಜೊತೆಗಿದ್ದರೆ ಕಚ್ಚಿ ಹರಿಯುತ್ತದೆ.

ಹಿಡಿಯುವ ನಾಯಿ ಬಿಡಬೇಕೆಂದರೆ ಟೆಕ್ಸಾಸ್‌ನವರು ಏನೆಲ್ಲ ಕಟ್ಟುತ್ತಾರೆ ನೋಡಿ. ಕುತ್ತಿಗೆಗೆ ಅಗಲವಾದ ದಪ್ಪ ಪಟ್ಟಿ, ಎದೆ ಹೊಟ್ಟೆ ಮುಚ್ಚುವ ಕೆವ್ಲಾರ್ (ಗುಂಡುನಿರೋಧಕ ಅಂಗಿಗೆ ಬಳಸುವ ಗಟ್ಟಿ ನಾರು) ಅಥವಾ ದಪ್ಪ ನೈಲಾನ್ ಕವಚ, ಎಲ್ಲ ನಾಯಿಗೂ ಜಿಪಿಎಸ್ ಪಟ್ಟಿ. ಬೊಗಳುವ ನಾಯಿಗಳು ಹಂದಿಯನ್ನು ನಿಲ್ಲಿಸುವವರೆಗೆ ಹಿಡಿಯುವ ನಾಯಿ ಹಗ್ಗದಲ್ಲೇ ಇರುತ್ತದೆ. ಹತ್ತಿರ ಹೋಗಿ ಬಿಡುತ್ತಾರೆ, ಅದು ಕಿವಿ ಕಚ್ಚಿದ ಕೆಲವೇ ಕ್ಷಣದಲ್ಲಿ ಜನ ಓಡಿಹೋಗಿ ಹಂದಿಯ ಹಿಂಗಾಲು ಎತ್ತಿ ಕೆಡವುತ್ತಾರೆ. ಜನ ತಲುಪುವುದು ತಡವಾದರೆ ಕವಚ ಇದ್ದರೂ ನಾಯಿ ಉಳಿಯುವುದು ಕಷ್ಟ. ಅದೇ ಕವಚ ಮೈಶಾಖವನ್ನೂ ಹಿಡಿದಿಡುತ್ತದೆ. ನಾಯಿಯ ಮೈ 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರಾಣಾಪಾಯ. ಆದ್ದರಿಂದಲೇ ಬಲ್ಲವರು ಚಳಿಗಾಲ ಅಥವಾ ರಾತ್ರಿ ಆರಿಸಿಕೊಳ್ಳುತ್ತಾರೆ. ಇದರ ಮೇಲೆ ಹುಸಿ ರೇಬೀಸ್ ಎಂಬ ರೋಗದ ಭಯ: ಹಂದಿಯಿಂದ ನಾಯಿಗೆ ಹತ್ತಿದರೆ ಎರಡು ಮೂರು ದಿನದಲ್ಲಿ ಸಾವು, ಚಿಕಿತ್ಸೆ ಇಲ್ಲ.

ಇಷ್ಟಾದರೂ ಹಂದಿ ಕಡಿಮೆಯಾಯಿತೇ? ಇಲ್ಲ. ಟೆಕ್ಸಾಸ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಹಂದಿಗಳಿವೆ ಎಂಬ ಅಂದಾಜಿದೆ. ಸಂಖ್ಯೆ ಏರದಂತೆ ತಡೆಯಲು ವರ್ಷಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ತೆಗೆಯಬೇಕೆಂಬುದು ಇಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ನಾಯಿಯಿಂದ ಸಿಗುವುದು ಒಂದೋ ಎರಡೋ. ಉಳಿದ ಹಿಂಡು ಚದುರಿ ಪಕ್ಕದ ಜಮೀನಿಗೆ ಹೋಗುತ್ತದೆ. ಹಾಗಾಗಿ ಬೆಳೆ ಉಳಿಸಬೇಕಾದವರು ಇಡೀ ಹಿಂಡು ಹಿಡಿಯುವ ದೊಡ್ಡ ಬೋನಿನ ಕಡೆ ವಾಲಿದ್ದಾರೆ.

ಅವರ ಕಾನೂನು ನಮಗೆ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಅಮೆರಿಕದ ಹಂದಿ ಯುರೋಪಿನವರು ತಂದು ಬಿಟ್ಟದ್ದು. ನಮ್ಮದು ಈ ಮಣ್ಣಿನದೇ ಪ್ರಾಣಿ, ದೇವರಾಯನದುರ್ಗದ ಚಿರತೆಯ ಆಹಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ಕಾಡುಹಂದಿ ರಕ್ಷಿತ ಪ್ರಾಣಿಗಳ ಎರಡನೇ ಅನುಸೂಚಿಯಲ್ಲಿದೆ (ಪಟ್ಟಿಯಲ್ಲಿದೆ). ಕೊಲ್ಲುವುದಷ್ಟೇ ಅಲ್ಲ, ಉರುಳು ಹಾಕುವುದು, ಬೇಟೆಗಾಗಿ ಅಟ್ಟುವುದು, ಆಮಿಷ ಒಡ್ಡುವುದೂ ಬೇಟೆಯೇ. ಬೆಳೆಗೆ ಅಪಾಯವಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು; ಅದಿಲ್ಲದೆ ನಾಯಿ ಬಿಟ್ಟವನ ಮೇಲೆ ಕೇಸು ಬೀಳುತ್ತದೆ. ಮನರಂಜನೆಗೆಂದು ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಬೇಲಿಯೊಳಗೆ ಹಂದಿ ಕೂಡಿ ನಾಯಿ ಬಿಡುವುದನ್ನು ಅಮೆರಿಕದ ಹಲವು ರಾಜ್ಯಗಳೂ ನಿಷೇಧಿಸಿವೆ. ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪರಂಪರೆಯ ಮಾತು ಎತ್ತುವವರು ಆತಕೂರು ಶಾಸನ ತೋರಿಸುತ್ತಾರೆ. ಕ್ರಿ.ಶ. 949ರದ್ದು, ಮದ್ದೂರು ಸೀಮೆಯದು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಅರಸ ಬೂತುಗನಿಂದ ಮಣಲೇರ ಎಂಬ ವೀರ ಕೇಳಿ ಪಡೆದ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಡನೆ ಕಾದು, ಎರಡೂ ಸತ್ತವು ಎಂದು ಅದರಲ್ಲಿದೆ. ಅರಸನ ಬಳಿ ಬೆಳೆದ ನಾಯಿಯೇ ಹಂದಿಯ ಎದುರು ಉಳಿಯಲಿಲ್ಲ ಎಂಬುದನ್ನೂ ಆ ಕಲ್ಲೇ ಹೇಳುತ್ತದೆ.

ಹೊಲದಲ್ಲಿ ಗಾಯವಾದ ನಾಯಿ ಕಂಡರೆ ಏನು ಮಾಡಬೇಕೆಂದು ಊರಲ್ಲಿ ಎಲ್ಲರಿಗೂ ತಿಳಿದಿರಬೇಕು. ಕೋರೆಯ ಗಾಯ ಹೊರಗೆ ಒಂದು ಅಂಗುಲವಿದ್ದರೂ ಒಳಗೆ ಚೀಲದಂತೆ ಹರಿದಿರುತ್ತದೆ. ಅರಿಸಿನ ತುಂಬಿ ಮೇಲೆ ಹೊಲಿದರೆ ಒಳಗೇ ಕೀವು ಕಟ್ಟುತ್ತದೆ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿ, ನಡುವೆ ಎತ್ತಿ ನೋಡಬೇಡಿ. ಎದೆಯಿಂದ ಗಾಳಿ ಬರುವ ಸದ್ದು ಕೇಳಿದರೆ ತೂತಿನ ಮೇಲೆ ಶುಭ್ರ ಪ್ಲಾಸ್ಟಿಕ್ ಹಾಳೆ ಇಟ್ಟು, ಉಸಿರಿಗೆ ಅಡ್ಡಿಯಾಗದಷ್ಟು ಸಡಿಲವಾಗಿ ಸುತ್ತಿ. ಕರುಳು ಹೊರಬಂದಿದ್ದರೆ ಒಳಗೆ ತಳ್ಳಬೇಡಿ. ಒದ್ದೆ ಬಟ್ಟೆ ಸುತ್ತಿ ಪಶು ಆಸ್ಪತ್ರೆಗೆ ಒಯ್ಯಿರಿ. ನೀರನ್ನೂ ಕುಡಿಸಬೇಡಿ.

ಇನ್ನು ಬೆಳೆ. ನಮ್ಮ ಕಡೆ ಹಂದಿ ಹಗಲು ಮಲಗುವುದು ಕೆರೆಯಂಗಳದ ಬಳ್ಳಾರಿ ಜಾಲಿಯಲ್ಲಿ, ಗುಡ್ಡದಂಚಿನ ಲಂಟಾನದಲ್ಲಿ. ಬಿತ್ತಿದ ಕಡಲೆಕಾಯಿ ಬೀಜವನ್ನೇ ಕೆದಕುತ್ತದೆ. ಕಾಯಿ ತುಂಬುವಾಗ, ಜೋಳ ಹಾಲುಗಟ್ಟಿದಾಗ ಮತ್ತೆ ಬರುತ್ತದೆ. ಬದುವಿನಾಚೆ ಮೂರು ನಾಲ್ಕು ಮಾರು ಪೊದೆ ಸವರಿ ಬಯಲು ಮಾಡಿ, ಅದರೊಳಗೆ ಸೋಲಾರ್ ಬೇಲಿ ಹಾಕಿ. ಮೊದಲ ತಂತಿ ನೆಲದಿಂದ ಒಂದು ಗೇಣು, ಎರಡನೆಯದು ಎರಡು ಗೇಣು. ಹಂದಿಯ ಮೈಕೂದಲು ಒರಟು, ಕರೆಂಟು ಸರಿಯಾಗಿ ತಾಗುವುದು ಒದ್ದೆ ಮೂತಿಗೆ ಮಾತ್ರ. ತಂತಿ ಎತ್ತರವಾಗಿ ಕಿವಿಯ ಹಿಂದೆ ಹೊಡೆದರೆ ಅದು ಹಿಂದೆ ಸರಿಯದೆ ಮುಂದಕ್ಕೇ ನುಗ್ಗುತ್ತದೆ. ಪಾವಗಡದ ಒಣ ಕೆಂಪು ಮಣ್ಣಿನಲ್ಲಿ ಅರ್ಥಿಂಗ್ ಸೋಲುತ್ತದೆ, ಆರಡಿಯ ಮೂರು ಸರಳನ್ನಾದರೂ ಹತ್ತತ್ತು ಅಡಿ ಅಂತರದಲ್ಲಿ ಇಳಿಸಿ, ಬುಡಕ್ಕೆ ನೀರು ಹಾಕುತ್ತಿರಿ. ತಂತಿಗೆ ಕಳೆ ತಾಗದಂತೆ ವಾರಕ್ಕೊಮ್ಮೆ ಸವರಿ, ಕೊನೆಯ ಕಂಬದಲ್ಲಿ 4,000 ವೋಲ್ಟ್ ಇದೆಯೇ ಅಳೆಯಿರಿ. ಮನೆಯ 230 ವೋಲ್ಟಿನ ಕರೆಂಟನ್ನು ಬೇಲಿಗೆ ಕೊಡಲೇಬೇಡಿ, ಅದು ಕೊಲೆಗೆ ಸಮ.

ನಾಯಿಯ ಜಾಗ ಈ ಬೇಲಿಯ ಒಳಗೆ. ಎರಡು ಮೂಲೆಯಲ್ಲಿ ಒಂದೊಂದಿದ್ದರೆ ಹಂದಿ ಬರುವ ಮೊದಲೇ ಬೊಗಳುತ್ತವೆ. ಮನುಷ್ಯ ಟಾರ್ಚು ಹಿಡಿದು, ತಮಟೆ ಬಡಿದು ಹಿಂದಕ್ಕೆ ಓಡಿಸಿದರೆ ಸಾಕು. ನಾಯಿಯನ್ನು ಬಿಟ್ಟರೆ ತಿಮ್ಲಾಪುರದ ಕಾಡಿನ ಕಡೆ ಕರಡಿಯನ್ನು ಕೆಣಕಿ ಮಾಲೀಕನ ಹತ್ತಿರಕ್ಕೇ ಎಳೆದು ತರಬಹುದು. ಬರಿ ಸರಪಳಿಯಲ್ಲಿ ಕಟ್ಟಿದರೆ ಚಿರತೆಗೆ ತುತ್ತು. ಮೇಲೆ ಕೆಳಗೆ ಸುತ್ತಲೂ ಗಟ್ಟಿ ಜಾಲರಿ ಹೊಡೆದು, ತಗಡು ಹೊದಿಸಿದ ಗೂಡು ಮಾಡಿ, ರಾತ್ರಿ ನಾಯಿಯನ್ನು ಅದರಲ್ಲೇ ಕೂಡಿಹಾಕಿ. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪಬಾರದು, ಜೊತೆಗೆ ಇಲಿಜ್ವರದ್ದೂ ಹಾಕಿಸಿ. ಇಷ್ಟರ ಮೇಲೂ ಬೆಳೆ ಹಾಳಾದರೆ ಹೆಜ್ಜೆ ಗುರುತು ಅಳಿಯುವ ಮುನ್ನ ಫೋಟೊ ತೆಗೆದು, ಪಹಣಿ ಸಮೇತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ, ಸಿಬ್ಬಂದಿ ಬಂದು ನೋಡುವವರೆಗೆ ಆ ಪಟ್ಟೆಯನ್ನು ಉಳಬೇಡಿ.