ಅಚ್ರೇಕರ್ ಸರ್ ಸ್ಕೂಟರು

ಸಚಿನ್ ತೆಂಡೂಲ್ಕರ್‌ಗೆ ಕ್ರಿಕೆಟ್ ಕಲಿಸಿದ ರಮಾಕಾಂತ್ ಅಚ್ರೇಕರ್ ಅವರನ್ನು ನಿಮ್ಮ ಬರಹದಲ್ಲಿ ನೆನೆದಿದ್ದು ಖುಷಿಯಾಯಿತು. ಆದರೆ ಶಿಷ್ಯನಿಗೆ ಒಮ್ಮೆಯೂ 'ಚೆನ್ನಾಗಿ ಆಡಿದೆ' ಅನ್ನದ ಆ ಬಿಗಿತನವೇ ಸಚಿನ್‌ರನ್ನು ಬೆಳೆಸಿತು ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

2013ರ ವಿದಾಯ ಭಾಷಣದಲ್ಲಿ ಸಚಿನ್ ಆ ಮಾತು ಹೇಳಿದ್ದು ತಮಾಷೆಗೆ. ಅದಕ್ಕೂ ಮೊದಲು ಹೇಳಿದ್ದು ಸ್ಕೂಟರಿನ ಕಥೆ. ಶಿವಾಜಿ ಪಾರ್ಕ್‌ನಲ್ಲಿ ಬ್ಯಾಟಿಂಗ್ ಮುಗಿಸಿದ ಹುಡುಗನನ್ನು ಅಚ್ರೇಕರ್ ಸರ್ ಹಿಂದೆ ಕೂರಿಸಿಕೊಂಡು, ಅದೇ ದಿನ ಆಜಾದ್ ಮೈದಾನದ ಇನ್ನೊಂದು ಪಂದ್ಯಕ್ಕೆ ಕರೆದೊಯ್ಯುತ್ತಿದ್ದರು. ಅದೂ ಮುಂಬೈ ಟ್ರಾಫಿಕ್ಕಿನಲ್ಲಿ! ಹೊಗಳದೆ ಸುಮ್ನೆ ಇರುವುದು ಯಾರಿಗಾದರೂ ಬರುತ್ತದೆ. ಬೇರೆಯವರ ಮಗನಿಗಾಗಿ ಹೀಗೆ ಊರೆಲ್ಲಾ ಸುತ್ತುವುದು ಎಷ್ಟು ಜನರಿಗೆ ಆಗುತ್ತದೆ? ಇನ್ನು ಸ್ಟಂಪಿನ ಮೇಲೆ ಇಡುತ್ತಿದ್ದ ಒಂದು ರೂಪಾಯಿ ನಾಣ್ಯ. ಔಟಾಗದೆ ಉಳಿದರೆ ಅದು ಹುಡುಗನಿಗೆ. ಅದು ಶಭಾಷ್ ಅಲ್ಲದೆ ಮತ್ತೇನು? 1988ರಲ್ಲಿ ಶಾರದಾಶ್ರಮ ಶಾಲೆಯ ಪರ ಸಚಿನ್ ಮತ್ತು ಅಚ್ರೇಕರ್ ಅವರ ಇನ್ನೊಬ್ಬ ಶಿಷ್ಯ ವಿನೋದ್ ಕಾಂಬ್ಳಿ ಸೇರಿ ಹೊಡೆದ 664 ರನ್ ಬರೀ ಬೈಗುಳದಿಂದ ಬಂದಿದ್ದಲ್ಲ ಬಿಡಿ.

ನಮ್ಮ ಹೈಸ್ಕೂಲಿನ ಪಿಟಿ ಮೇಷ್ಟ್ರೂ ಜೋರು. ಸೀಟಿ ಊದಿದರೆ ಪಕ್ಕದ ಬೀದಿಯ ಹುಡುಗರೂ ಲೈನಲ್ಲಿ ನಿಲ್ಲಬೇಕು! ಆದರೆ ತಾಲೂಕು ಮಟ್ಟದ ಖೊಖೊದಲ್ಲಿ ನಾವು ಮೊದಲ ಪಂದ್ಯಕ್ಕೇ ಸೋತ ದಿನ, ಬಸ್‌ಸ್ಟ್ಯಾಂಡ್ ಹೋಟೆಲಿಗೆ ಕರೆದುಕೊಂಡು ಹೋಗಿ ತಮ್ಮ ದುಡ್ಡಲ್ಲೇ ಇಡ್ಲಿ ಕೊಡಿಸಿದ್ದರು. 'ಸಾಂಬಾರ್ ಇನ್ನೊಂದ್ಸಲ ಹಾಕಿಸ್ಕೊಳ್ರೋ' ಅಂದಿದ್ದರು. ಅವರು ಬೈದಿದ್ದು ಒಂದೂ ನೆನಪಿಲ್ಲ, ನೋಡಿ.